ರಟ್ಟಿನ ಟಿಕೆಟ್ಟಿನಿಂದ ಸ್ಮಾರ್ಟ್ ಕಾರ್ಡಿನವರೆಗೆ

ಮುಂಜಾನೆಯ ಹೊತ್ತು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಕುಳಗೇರಿ ಕ್ರಾಸಿನಲ್ಲಿ ಬಾದಾಮಿ ಕಡೆಗೆ ಹೊರಳುವ ಬಸ್ಸಿಗಾಗಿ ವಿದ್ಯಾರ್ಥಿಗಳು ಕಾದು ನಿಂತಿರುತ್ತಾರೆ. ಬಸ್ಸು ಬಂದೊಡನೆ ನೂಕುನುಗ್ಗಲು. ಕಂಡಕ್ಟರು "ಆಧಾರ್ ತೋರಸವ್ವಾ" ಎನ್ನುತ್ತ ಕೈಯಲ್ಲಿನ ಯಂತ್ರದ ಗುಂಡಿ ಒತ್ತಿ ಹುಡುಗಿಯ ಕೈಗೆ ಒಂದು ಚೀಟಿ ಕೊಡುತ್ತಾರೆ. ಅದರ ಮೇಲೆ ದರದ ಜಾಗದಲ್ಲಿ ಸೊನ್ನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದ ಹೆಣ್ಣುಮಕ್ಕಳೆಲ್ಲರಿಗೂ ಪರಿಚಿತವಾದ ಶೂನ್ಯ ಟಿಕೆಟ್ ಇದು.

"ರೊಕ್ಕಾನ ಇಲ್ಲಂದ ಮ್ಯಾಲೆ ಟಿಕೇಟ್ ಯಾಕ್ರಿ?" ಎಂದು ಯಾವ ಹುಡುಗಿಯಾದರೂ ಕೇಳಿದರೆ ಅದನ್ನು ತಲೆಹರಟೆ ಎನ್ನಬಾರದು. ಪ್ರಯಾಣಿಕಳು ಹಣ ಕೊಡದಿದ್ದರೂ ಆಕೆಯ ಪ್ರಯಾಣದ ವೆಚ್ಚವನ್ನು ಸರ್ಕಾರ ಸಾರಿಗೆ ಸಂಸ್ಥೆಗೆ ತುಂಬಿಕೊಡಬೇಕು. ಎಷ್ಟು ಜನ, ಎಲ್ಲಿಂದ ಎಲ್ಲಿಗೆ ಹೋದರು ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ. ಅಂದರೆ ಟಿಕೆಟ್ ಎಂಬುದು ಹಣ ಕೊಟ್ಟದ್ದಕ್ಕೆ ಬರುವ ರಸೀದಿ ಮಾತ್ರವಲ್ಲ, ಅದೊಂದು ಲೆಕ್ಕ. ಈ ಲೆಕ್ಕದ ವಿದ್ಯೆಯನ್ನು ಲೋಕಕ್ಕೆ ಕಲಿಸಿದ್ದು ರೈಲು. ಬಾದಾಮಿಯ ರೈಲು ನಿಲ್ದಾಣದ ಕಿಟಕಿಯಿಂದ ಬೆಂಗಳೂರು ಮೆಟ್ರೊದ ಗೇಟಿನವರೆಗೆ ಟಿಕೆಟ್ಟಿನ ರೂಪ ಎಷ್ಟೋ ಬದಲಾಗಿದೆ, ಲೆಕ್ಕ ಮಾತ್ರ ಹಾಗೆಯೇ ಉಳಿದಿದೆ. ಅದನ್ನು ಅರಿತ ವಿದ್ಯಾರ್ಥಿಗೆ ದಂಡ ತಪ್ಪುತ್ತದೆ. ಅರಿತ ಪಾಲಕರಿಗೆ ಹಣ ಉಳಿಯುತ್ತದೆ.

ಬಡಗಿ ಕಂಡುಹಿಡಿದ ಟಿಕೆಟ್

ಇಂಗ್ಲೆಂಡಿನಲ್ಲಿ ರೈಲು ಶುರುವಾದ ಹೊಸತರಲ್ಲಿ ಕುದುರೆ ಗಾಡಿಯ ಕಾಲದ ಪದ್ಧತಿಯೇ ಮುಂದುವರಿದಿತ್ತು. ಗುಮಾಸ್ತ ಪುಸ್ತಕ ತೆರೆದು ಪ್ರತಿಯೊಬ್ಬನ ಚೀಟಿಯನ್ನೂ ಕೈಯಲ್ಲಿ ಬರೆಯಬೇಕಿತ್ತು. ಗಾಡಿಯಲ್ಲಿ ಹತ್ತು ಜನರಾದರೆ ನಡೆದೀತು. ರೈಲಿಗೆ ನೂರಾರು ಜನ. ಸಾಲು ಬೆಳೆಯುತ್ತಿತ್ತು. ಗುಮಾಸ್ತ ಪಡೆದ ಹಣವೆಷ್ಟು, ಕಂಪನಿಗೆ ಕಟ್ಟಿದ್ದೆಷ್ಟು ಎಂದು ತಾಳೆ ನೋಡುವುದೂ ಕಷ್ಟವಿತ್ತು.

ಇದಕ್ಕೆ ಪರಿಹಾರ ಕಂಡವನು ಥಾಮಸ್ ಎಡ್ಮಂಡ್‌ಸನ್. 1792ರಲ್ಲಿ ಲ್ಯಾಂಕಾಸ್ಟರಿನಲ್ಲಿ ಹುಟ್ಟಿದ ಈತ ಪೀಠೋಪಕರಣ ಮಾಡುವ ಬಡಗಿ. ವ್ಯಾಪಾರದಲ್ಲಿ ದಿವಾಳಿಯಾಗಿ, ನಲವತ್ತು ದಾಟಿದ ಮೇಲೆ ನ್ಯೂಕ್ಯಾಸಲ್–ಕಾರ್ಲೈಲ್ ರೈಲ್ವೆಯ ಮಿಲ್ಟನ್ ಎಂಬ ಸಣ್ಣ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಕುಳಿತು ಗಟ್ಟಿ ರಟ್ಟಿನ ಚಿಕ್ಕ ತುಂಡುಗಳ ಮೇಲೆ ಊರ ಹೆಸರು ಮತ್ತು ಕ್ರಮಸಂಖ್ಯೆಯನ್ನು ಮುಂಚಿತವಾಗಿಯೇ ಮುದ್ರಿಸಿಟ್ಟುಕೊಳ್ಳುವ ಉಪಾಯ ಹೂಡಿದ. ಮಾರುವಾಗ ದಿನಾಂಕ ಒತ್ತಲು ಒಂದು ಯಂತ್ರ ಬೇಕಾಯಿತು. ಅದನ್ನು ಮಾಡಿಕೊಟ್ಟವನು ಕಾರ್ಲೈಲಿನ ಗಡಿಯಾರ ತಯಾರಕ ಜಾನ್ ಬ್ಲೇಲಾಕ್.

ಇದರ ಜಾಣತನ ಸಂಖ್ಯೆಯಲ್ಲಿತ್ತು. ಬೆಳಗ್ಗೆ ಕಟ್ಟಿನ ಮೇಲಿದ್ದ ಟಿಕೆಟ್ 4120, ಸಂಜೆ ಮೇಲಿರುವುದು 4185 ಎಂದಾದರೆ ಅಂದು ಮಾರಿದ್ದು 65. ಅದನ್ನು ದರದಿಂದ ಗುಣಿಸಿದರೆ ಪೆಟ್ಟಿಗೆಯಲ್ಲಿರಬೇಕಾದ ಹಣ ಸಿಕ್ಕಿತು. ಒಂದು ಕಳೆಯುವ, ಒಂದು ಗುಣಿಸುವ ಲೆಕ್ಕ, ಅಷ್ಟೆ. 1839ರಲ್ಲಿ ಮ್ಯಾಂಚೆಸ್ಟರ್–ಲೀಡ್ಸ್ ರೈಲ್ವೆ ಈತನನ್ನು ಕರೆಸಿಕೊಂಡಿತು. ತನ್ನ ಪದ್ಧತಿ ಬಳಸುವ ಕಂಪನಿಗಳಿಂದ ಆತ ವರ್ಷಕ್ಕೆ ಮೈಲಿಗೆ ಹತ್ತು ಶಿಲಿಂಗ್ ಪಡೆದ. ಸುಮಾರು 57 ಮಿಲಿಮೀಟರ್ ಉದ್ದ, 31 ಮಿಲಿಮೀಟರ್ ಅಗಲದ ಆ ರಟ್ಟಿನ ಟಿಕೆಟ್ ಲೋಕವನ್ನೆಲ್ಲ ಸುತ್ತಿತು. ಬ್ರಿಟನ್ನಿನ ರೈಲ್ವೆಯಲ್ಲೇ ಅದು 1990ರವರೆಗೆ ಬಾಳಿತು.

ನಮ್ಮ ಹಳಿಯ ಮೇಲೆ

ಬಾದಾಮಿಯ ಮೇಲೆ ಹಾದುಹೋಗುವ ಗದಗ–ಹೊಟಗಿ ಮಾರ್ಗ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕಾಲದ್ದು. 1876–78ರ ಭೀಕರ ಬರದ ನಂತರ, ಕಾಳುಕಡಿ ಬೇಗ ಸಾಗಿಸಲು ಈ ಸೀಮೆಯಲ್ಲಿ ರೈಲು ಬೇಕೆಂಬ ವಿಚಾರ ಬಲವಾಯಿತು. 1880ರ ದಶಕದಲ್ಲಿ ಮೀಟರ್‌ಗೇಜ್ ಹಳಿ ಬಿತ್ತು. ಬಾದಾಮಿ ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರ. ಟಾಂಗಾ ಏರಿ ನಿಲ್ದಾಣಕ್ಕೆ ಹೋಗಿ, ಕಿಟಕಿಯ ಸಣ್ಣ ಕಂಡಿಯಲ್ಲಿ ಕೈ ತೂರಿಸಿದರೆ, ಒಳಗೆ 'ಟಪ್' ಎಂದು ದಿನಾಂಕದ ಯಂತ್ರ ಸದ್ದು ಮಾಡಿ ರಟ್ಟಿನ ಟಿಕೆಟ್ ಬೆರಳಿಗೆ ಸಿಗುತ್ತಿದ್ದ ನೆನಪು ಇಂದಿನ ವಿದ್ಯಾರ್ಥಿಗಳ ಅಜ್ಜಂದಿರಿಗೆ ಇದ್ದೇ ಇದೆ. ಟಿಕೆಟ್ ತಪಾಸಣೆಯವರು ಇಕ್ಕಳದಿಂದ ಅದಕ್ಕೆ ತೂತು ಹಾಕಿದರೆ ಮತ್ತೊಮ್ಮೆ ಬಳಸುವಂತಿರಲಿಲ್ಲ.

ಈ ಶತಮಾನದ ಮೊದಲ ದಶಕದಲ್ಲಿ ಇಲ್ಲಿನ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ಟಿಕೆಟ್ಟೂ ಬದಲಾಯಿತು. 1980ರ ದಶಕದಲ್ಲಿ ದೆಹಲಿಯಿಂದ ಶುರುವಾದ ಕಂಪ್ಯೂಟರ್ ಮುಂಗಡ ಬುಕಿಂಗಿನ ಬೆನ್ನಿಗೆ, 2002ರಿಂದ ಸಾಮಾನ್ಯ ದರ್ಜೆಯ ಟಿಕೆಟ್ಟಿಗೂ ಕಂಪ್ಯೂಟರ್ ಬಂತು. ರಟ್ಟು ಹೋಗಿ ತೆಳು ಕಾಗದವಾಯಿತು. ಆದರೆ ಅದರ ಮೇಲೆ ಸಂಖ್ಯೆ ಇದೆ, ದಿನಾಂಕ ಇದೆ, ಊರುಗಳ ಹೆಸರಿವೆ. ಎಡ್ಮಂಡ್‌ಸನ್ ಎದ್ದು ಬಂದರೂ ಗುರುತು ಹಿಡಿದಾನು.

ಸೆಲ್ ಇಲ್ಲದ ಕಾರ್ಡಿಗೆ ವಿದ್ಯುತ್ ಎಲ್ಲಿಂದ?

ಬಾದಾಮಿಯಲ್ಲಿ ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ ವಿದ್ಯಾರ್ಥಿ ಮರುದಿನ ಬೆಂಗಳೂರಿನಲ್ಲಿ ಇಳಿದು ಪಕ್ಕದ ಮೆಟ್ರೊ ನಿಲ್ದಾಣಕ್ಕೆ ಹೋದರೆ ಅಲ್ಲಿ ಬೇರೆಯೇ ಲೋಕ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ 'ನಮ್ಮ ಮೆಟ್ರೊ' ಓಡಲಾರಂಭಿಸಿದಾಗಲೇ ಇಲ್ಲಿ ಬಿಲ್ಲೆಯಂಥ ಟೋಕನ್ ಮತ್ತು ಸ್ಮಾರ್ಟ್ ಕಾರ್ಡ್ ಬಂದವು. ಕಾರ್ಡನ್ನು ಗೇಟಿಗೆ ತಾಗಿಸಿದರೆ ಬಾಗಿಲು ತೆರೆಯುತ್ತದೆ. ಕಾರ್ಡಿನಲ್ಲಿ ಸೆಲ್ ಇಲ್ಲ, ತಂತಿಯ ಜೋಡಣೆ ಇಲ್ಲ. ಅದು ಕೆಲಸ ಮಾಡುವುದು ಹೇಗೆ?

ಉತ್ತರ ವಿಜ್ಞಾನದಲ್ಲೇ ಇದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಒಂದು ಸತ್ಯ ಕಂಡುಕೊಂಡ. ತಂತಿಯ ಸುರುಳಿಯ ಬಳಿ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇದೇ ವಿದ್ಯುತ್ಕಾಂತೀಯ ಪ್ರೇರಣೆ. ಮೆಟ್ರೊ ಗೇಟಿನ ಓದುಯಂತ್ರದಲ್ಲಿ ಒಂದು ಸುರುಳಿಯಿದೆ. ಅದರ ಕಾಂತಕ್ಷೇತ್ರ ಸೆಕೆಂಡಿಗೆ 1 ಕೋಟಿ 35 ಲಕ್ಷ 60 ಸಾವಿರ ಸಲ ಅತ್ತಿತ್ತ ಆಗುತ್ತಿರುತ್ತದೆ. ಕಾರ್ಡಿನ ಪ್ಲಾಸ್ಟಿಕ್ ಪದರಗಳ ನಡುವೆಯೂ ಕೆಲವೇ ಸುತ್ತಿನ ತೆಳು ಸುರುಳಿಯಿದ್ದು, ಅದರ ತುದಿಗಳು ಅಕ್ಕಿಕಾಳಿನಷ್ಟು ಪುಟ್ಟ ಚಿಪ್ಪಿಗೆ ಕೂಡಿಕೊಂಡಿವೆ. ಕಾರ್ಡ್ ಹತ್ತಿರ ಬಂದಾಗ ಅದರ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗಿ ಚಿಪ್ಪು ಎಚ್ಚರಗೊಳ್ಳುತ್ತದೆ. ಕೆಲವು ಸೆಂಟಿಮೀಟರ್ ದೂರ ಸರಿದರೆ ಮತ್ತೆ ನಿದ್ದೆ.

ಎಚ್ಚರಗೊಂಡ ಚಿಪ್ಪು ಉತ್ತರ ಕೊಡುವ ರೀತಿಯೂ ಸೊಗಸು. ಆಷಾಢದ ಗಾಳಿಯಲ್ಲಿ ಗಾಳಿಪಟ ಹಾರಿಸುವ ಹುಡುಗ ಕಣ್ಣು ಮುಚ್ಚಿದ್ದರೂ ಪಟದ ಎಳೆತ ದಾರದಲ್ಲಿ ಕೈಗೆ ತಿಳಿಯುತ್ತದಲ್ಲವೇ? ಹಾಗೆಯೇ ಚಿಪ್ಪು ತಾನು ಪಡೆಯುವ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡುತ್ತದೆ. ಆ ಎಳೆತ ಗೇಟಿನ ಸುರುಳಿಗೆ ತಿಳಿಯುತ್ತದೆ. ಹೆಚ್ಚು ಎಂದರೆ ಒಂದು, ಕಡಿಮೆ ಎಂದರೆ ಸೊನ್ನೆ ಎಂಬ ಸಂಕೇತದಲ್ಲಿ ಕಾರ್ಡಿನ ಸಂಖ್ಯೆ, ಉಳಿದ ಹಣ, ಪ್ರಯಾಣಿಕ ಒಳಬಂದ ನಿಲ್ದಾಣ ಎಲ್ಲವೂ ಗುಪ್ತ ಲಿಪಿಯಲ್ಲಿ ಸಾಗುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕ ಮುಗಿಯುತ್ತದೆ.

ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ಕಾರ್ಡನ್ನು ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ ಗೇಟಿಗೆ ಹಿಡಿದರೆ ಅದು ತೆರೆಯುವುದಿಲ್ಲ. ಲೋಹದ ಹಾಳೆಯಲ್ಲೇ ಸುಳಿ ವಿದ್ಯುತ್ ಹುಟ್ಟಿ ಕಾಂತಕ್ಷೇತ್ರವನ್ನು ತಡೆಯುತ್ತದೆ. ಪಾಕೀಟಿನಲ್ಲಿ ಅಂಥ ಎರಡು ಕಾರ್ಡ್ ಒಟ್ಟಿಗಿದ್ದರೂ ಗೇಟು ಗೊಂದಲಕ್ಕೆ ಬೀಳಬಹುದು. ಆದ್ದರಿಂದ ಕಾರ್ಡನ್ನು ಹೊರತೆಗೆದು ಒಂದೇ ತೋರಿಸುವುದು ಲೇಸು.

ಹಣ ಇರುವುದು ಎಲ್ಲಿ?

ಸೋಲ್ 1996ರಲ್ಲಿ, ಹಾಂಗ್‌ಕಾಂಗ್ 1997ರಲ್ಲಿ, ಲಂಡನ್ 2003ರಲ್ಲಿ ಇಂಥ ಕಾರ್ಡ್ ತಂದವು. ಹಾಂಗ್‌ಕಾಂಗಿನ 'ಆಕ್ಟೋಪಸ್' ಕಾರ್ಡಿನಿಂದ ರೈಲು, ಬಸ್ಸು, ದೋಣಿಗಳಲ್ಲದೆ ಅಂಗಡಿಯಲ್ಲೂ ಹಣ ಕೊಡಬಹುದು. ನಮ್ಮಲ್ಲಿ ಒಂದೇ ಕಾರ್ಡ್ ಎಲ್ಲ ಊರಿನ ಸಾರಿಗೆಗೆ ನಡೆಯಲೆಂದು 2019ರ ಮಾರ್ಚ್ 4ರಂದು ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡ್ ಬಿಡುಗಡೆಯಾಯಿತು. 2023ರಲ್ಲಿ ಅದು ನಮ್ಮ ಮೆಟ್ರೊಕ್ಕೂ ಬಂತು.

ಪಾಲಕರು ತಿಳಿದಿರಬೇಕಾದ ಮಾತು ಇಲ್ಲಿದೆ. ಇಂಥ ಕಾರ್ಡುಗಳಲ್ಲಿ ಹಣ ಬ್ಯಾಂಕಿನ ಖಾತೆಯಲ್ಲಿರದೆ ಚಿಪ್ಪಿನೊಳಗೇ ಪಾಕೀಟಿನಲ್ಲಿಟ್ಟಂತೆ ಇರುವುದುಂಟು. ಕಾರ್ಡ್ ಕಳೆದರೆ ಆ ಹಣವೂ ಹೋದಂತೆಯೇ. ಆದ್ದರಿಂದ ಬೆಂಗಳೂರಿಗೆ ಓದಲು ಹೋಗುವ ಮಕ್ಕಳಿಗೆ ಒಮ್ಮೆಲೇ ದೊಡ್ಡ ಮೊತ್ತ ತುಂಬಿ ಕೊಡುವುದಕ್ಕಿಂತ ಆಗಾಗ ಸ್ವಲ್ಪ ತುಂಬುವುದು ಒಳ್ಳೆಯದು.

ಗೇಟಿಲ್ಲದ ನಿಲ್ದಾಣ

ಹಾಗಾದರೆ ಬಾದಾಮಿ, ಗುಳೇದಗುಡ್ಡ ರೋಡ್, ಹೊಳೆಆಲೂರುಗಳಲ್ಲಿ ಕಾರ್ಡ್ ತಾಗಿಸಿ ರೈಲು ಹತ್ತುವಂತಿಲ್ಲವೇಕೆ? ಮೆಟ್ರೊ ನಿಲ್ದಾಣಕ್ಕೆ ಸುತ್ತಲೂ ಗೋಡೆಯಿದೆ, ಗೇಟು ದಾಟದೆ ಒಳಗೆ ಹೋಗಲಾಗದು. ನಮ್ಮ ರೈಲು ನಿಲ್ದಾಣಗಳು ಬಯಲಿಗೆ ತೆರೆದಿವೆ. ಗೇಟಿಲ್ಲದಲ್ಲಿ ಕಾರ್ಡ್ ಬೀಗದ ಕೈಯಾಗಲಾರದು, ಹಣದ ಚೀಲವಷ್ಟೇ ಆದೀತು. ಮುಂಬಯಿಯ ಸ್ಥಳೀಯ ರೈಲುಗಳಿಗೆ 2007ರಲ್ಲಿ ಬಂದು ಮುಂದೆ ಬೆಂಗಳೂರಿನಂಥ ದೊಡ್ಡ ನಿಲ್ದಾಣಗಳಿಗೂ ಹಬ್ಬಿದ ಟಿಕೆಟ್ ಯಂತ್ರಗಳು ಹೀಗೆಯೇ. ಸ್ಮಾರ್ಟ್ ಕಾರ್ಡಿನಿಂದ ಹಣ ಮುರಿದುಕೊಂಡು ಕಾಗದದ ಟಿಕೆಟ್ಟನ್ನೇ ಕೊಡುತ್ತವೆ. 2014ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಮೊಬೈಲ್ ಟಿಕೆಟ್ ಬಂತು. 2025ರ ಜುಲೈನಲ್ಲಿ 'ರೈಲ್‌ಒನ್' ಎಂಬ ಹೊಸ ಆ್ಯಪ್ ಬಂತು.

ಟಿಕೆಟ್ ಯಾವ ರೂಪದಲ್ಲಿದ್ದರೂ ನಿಯಮ ಒಂದೇ. 2016ರ ಮಾರ್ಚ್‌ನಲ್ಲಿ ಬಂದ ನಿಯಮದಂತೆ 199 ಕಿಲೋಮೀಟರ್ ಒಳಗಿನ ಸಾಮಾನ್ಯ ಟಿಕೆಟ್ ಕೊಂಡ ಮೇಲೆ ಮೂರು ಗಂಟೆಯೊಳಗೆ, ಇಲ್ಲವೆ ಆ ಊರಿಗೆ ಹೊರಡುವ ಮೊದಲ ರೈಲಿನಲ್ಲಿ ಪ್ರಯಾಣ ಆರಂಭಿಸಬೇಕು. ಬೆಳಗ್ಗೆ ಕೊಂಡ ಟಿಕೆಟ್ ಸಂಜೆಗೆ ನಡೆಯದು. ಪ್ಯಾಸೆಂಜರ್ ರೈಲಿನ ಟಿಕೆಟ್ ಹಿಡಿದು ಎಕ್ಸ್‌ಪ್ರೆಸ್ ಹತ್ತಿದರೂ ತಪ್ಪೇ. ಮೊಬೈಲ್ ಟಿಕೆಟ್ಟಿನ ಸ್ಕ್ರೀನ್‌ಶಾಟ್ ಟಿಕೆಟ್ ಆಗುವುದಿಲ್ಲ; ಫೋನಿನ ಚಾರ್ಜ್ ಮುಗಿದರೆ ತೋರಿಸಲು ಏನೂ ಉಳಿಯುವುದಿಲ್ಲ. ಫೋನ್ ಇಲ್ಲದ ಮನೆಯ ಮಕ್ಕಳಿಗೆ ಕಿಟಕಿಯ ಕಾಗದದ ಟಿಕೆಟ್ಟೇ ಇಂದಿಗೂ ಆಧಾರ.

ಕೇಳಿದವರಿಗೆ ಸಿಗುವ ಪಾಸು

ದರದ ಸಣ್ಣ ಏರಿಳಿತವೂ ಓದುವ ಮಕ್ಕಳ ಮನೆಗೆ ದೊಡ್ಡದೇ. 2020ರ ಲಾಕ್‌ಡೌನಿನಲ್ಲಿ ನಿಂತ ಪ್ಯಾಸೆಂಜರ್ ರೈಲುಗಳು ಮರಳಿ ಓಡಿದಾಗ ಅವುಗಳಿಗೆ ಎಕ್ಸ್‌ಪ್ರೆಸ್ ದರ ವಿಧಿಸಲಾಗಿತ್ತು. 10 ರೂಪಾಯಿಯ ಕನಿಷ್ಠ ದರ 30 ಆಗಿತ್ತು. ತಿಂಗಳಿಗೆ 25 ದಿನ ಹೋಗಿ ಬರುವ ವಿದ್ಯಾರ್ಥಿ ಬಿಡಿ ಟಿಕೆಟ್ ಕೊಂಡರೆ 500 ರೂಪಾಯಿಯ ಖರ್ಚು 1500ಕ್ಕೆ ಏರಿತು. 2024ರ ಫೆಬ್ರವರಿಯಲ್ಲಷ್ಟೇ ಹಳೆಯ ದರ ಮರಳಿತು.

ದಿನವೂ ಓಡಾಡುವವರು ಬಿಡಿ ಟಿಕೆಟ್ ಕೊಳ್ಳಬೇಕಾಗಿಯೇ ಇಲ್ಲ. 150 ಕಿಲೋಮೀಟರ್ ವರೆಗೆ ಮಾಸಿಕ ಸೀಸನ್ ಟಿಕೆಟ್, ಅಂದರೆ ತಿಂಗಳ ಪಾಸು ಸಿಗುತ್ತದೆ. ಬಾದಾಮಿಯಿಂದ ಬಾಗಲಕೋಟೆ, ಗದಗ ಎರಡೂ ಈ ಮಿತಿಯೊಳಗಿವೆ. ಅದಕ್ಕಿಂತ ಮುಖ್ಯವಾದದ್ದು 2008–09ರ ರೈಲ್ವೆ ಬಜೆಟ್ಟಿನಲ್ಲಿ ಘೋಷಿಸಿದ ಸೌಲಭ್ಯ. ಮನೆಯಿಂದ ಶಾಲೆ ಕಾಲೇಜಿಗೆ ಹೋಗಿಬರಲು ಹುಡುಗಿಯರಿಗೆ ಪದವಿಯವರೆಗೆ, ಹುಡುಗರಿಗೆ ಹನ್ನೆರಡನೆಯ ತರಗತಿಯವರೆಗೆ ಎರಡನೆಯ ದರ್ಜೆಯ ತಿಂಗಳ ಪಾಸು ಉಚಿತ. ಇದರ ಮೇಲಿನ ತರಗತಿಯವರಿಗೆ ರಿಯಾಯಿತಿ ದರದ ಪಾಸಿದೆ. ಇದಕ್ಕೆ ಮುಖ್ಯೋಪಾಧ್ಯಾಯರ ಅಥವಾ ಪ್ರಾಂಶುಪಾಲರ ಪ್ರಮಾಣಪತ್ರ ಬೇಕು. ಯಾವ ಯಾವ ರೈಲಿಗೆ ಪಾಸು ನಡೆಯುತ್ತದೆ ಎಂಬುದನ್ನು ನಿಲ್ದಾಣದಲ್ಲೇ ಕೇಳಿಕೊಳ್ಳಬೇಕು. ಕಿಟಕಿಯ ಒಳಗಿನವರು ಕರೆದು ಕೊಡುವುದಿಲ್ಲ, ಹೊರಗಿನವರು ಕೇಳಬೇಕು.

ರಟ್ಟಾಗಲಿ, ಕಾಗದವಾಗಲಿ, ಚಿಪ್ಪಾಗಲಿ, ಟಿಕೆಟ್ ಹೇಳುವುದು ಮೂರೇ ಸಂಗತಿ: ಎಲ್ಲಿಂದ ಎಲ್ಲಿಗೆ, ಎಷ್ಟಕ್ಕೆ, ಯಾವಾಗಿನವರೆಗೆ. ರಟ್ಟಿನ ಮೇಲೆ ಅವು ಕಣ್ಣಿಗೆ ಕಾಣುತ್ತಿದ್ದವು. ಕಾರ್ಡಿನಲ್ಲಿ ಕಾಣುವುದಿಲ್ಲ, ಆದ್ದರಿಂದ ನಾಲ್ಕು ದಿನಕ್ಕೊಮ್ಮೆಯಾದರೂ ಯಂತ್ರದಲ್ಲಿ ಉಳಿಕೆ ನೋಡಿ, ಮುರಿದ ಹಣ ಸರಿಯೇ ಎಂದು ತಾಳೆ ಹಾಕುವ ಅಭ್ಯಾಸ ಬೇಕು. ಕುಳಗೇರಿ ಕ್ರಾಸಿನಲ್ಲಿ ಶೂನ್ಯ ಟಿಕೆಟ್ ಪಡೆದ ಹುಡುಗಿ ಅದನ್ನು ಮುದ್ದೆ ಮಾಡಿ ಕಿಟಕಿಯಿಂದ ಎಸೆಯುವ ಮೊದಲು ಒಮ್ಮೆ ಓದಲಿ. ಲೆಕ್ಕದಲ್ಲಿ ಸೊನ್ನೆಗೂ ಒಂದು ಸ್ಥಾನವಿದೆ ಎಂಬುದು ಆಕೆಗೆ ಶಾಲೆಯಲ್ಲಿ ಗೊತ್ತಾಗಿಯೇ ಇರುತ್ತದೆ.