ಕಿವಿಯ ಕೆಳಗಿನ ಊತ: ದೊಡ್ಡವರಲ್ಲಿ ಮಂಗನಬಾವು ಮತ್ತು ಇತರ ಕಾರಣಗಳು

ಮಂಗನಬಾವು ಅಥವಾ ಕೆಪ್ಪಟರಾಯ ಮಕ್ಕಳ ಕಾಯಿಲೆಯೆಂಬ ನಂಬಿಕೆ ಬೇರೂರಿರುವುದರಿಂದ, ನಡುವಯಸ್ಸಿನವರ ಕೆನ್ನೆ ಊದಿದಾಗ ಅದನ್ನು ಹಲ್ಲುನೋವಿನ ಲೆಕ್ಕಕ್ಕೆ ಸೇರಿಸುವವರೇ ಹೆಚ್ಚು. 2024ರ ಆರಂಭದಲ್ಲಿ ಮಹಾರಾಷ್ಟ್ರ, ಕೇರಳ, ರಾಜಸ್ಥಾನಗಳಲ್ಲಿ ಈ ರೋಗ ಮತ್ತೆ ತಲೆಯೆತ್ತಿತು. ಸರ್ಕಾರದ ದಡಾರ–ರುಬೆಲ್ಲಾ ಲಸಿಕೆ ಕರ್ನಾಟಕದಲ್ಲಿ 2017ರಲ್ಲಿ, ಮಹಾರಾಷ್ಟ್ರದಲ್ಲಿ 2018ರಲ್ಲಿ ಅಭಿಯಾನವಾಗಿ ಬಂದರೂ ಅದರಲ್ಲಿ ಮಂಗನಬಾವಿನ ಅಂಶವಿರಲಿಲ್ಲ. ಮೂರೂ ರೋಗಗಳನ್ನು ತಡೆಯುವ ಎಂಎಂಆರ್ ಲಸಿಕೆಯನ್ನು ಹೆಚ್ಚಿನವರು ಖಾಸಗಿಯಾಗಿಯೇ ಪಡೆಯಬೇಕಾಯಿತು. ಹೀಗಾಗಿ ಬಾಲ್ಯದಲ್ಲಿ ರೋಗವೂ ಬಾರದೆ, ಲಸಿಕೆಯೂ ಸಿಗದೆ ಬೆಳೆದವರು ಮುಂಬೈ ಬಳಿಯ ಕಲ್ಯಾಣ–ಡೊಂಬಿವಲಿಯ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಸುಲಭವಾಗಿ ಸೋಂಕಿಗೆ ಸಿಲುಕುತ್ತಾರೆ. ಊತ ಕಾಣುವ ಎರಡು ದಿನ ಮೊದಲೇ ವೈರಸ್ ಹರಡತೊಡಗುವುದರಿಂದಲೂ, ಸೋಂಕು ತಗುಲಿ ಲಕ್ಷಣ ಕಾಣಲು ಸಾಮಾನ್ಯವಾಗಿ 16ರಿಂದ 18 ದಿನ ಹಿಡಿಯುವುದರಿಂದಲೂ ಅದು ಎಲ್ಲಿಂದ ಬಂತೆಂದು ಹುಡುಕುವುದು ವ್ಯರ್ಥ. ಪ್ರಾಯಕ್ಕೆ ಬಂದ ಗಂಡಸರಲ್ಲಿ ವೃಷಣಗಳ ಉರಿಯೂತವಾಗುವ ಸಂಭವವೂ ಇದೆ.

ಆದರೆ ಎಲ್ಲ ಊತವೂ ಮಂಗನಬಾವಲ್ಲ. ಕಿವಿಯ ಮುಂದೆ, ದವಡೆಯಡಿ, ನಾಲಿಗೆಯಡಿ ಹೀಗೆ ಮೂರು ಜೊತೆ ದೊಡ್ಡ ಲಾಲಾಗ್ರಂಥಿಗಳಿದ್ದು, ಅವುಗಳ ನಾಳಗಳನ್ನು ಸದಾ ತೊಳೆಯುವ ಜೊಲ್ಲು ಕಡಿಮೆಯಾದಾಗ ಬಾಯಿಯ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಸ್ಟ್ಯಾಫಿಲೋಕಾಕಸ್, ನಾಳದೊಳಗೆ ಏರಿ ಕೀವು ತರುತ್ತವೆ. ಶಸ್ತ್ರಚಿಕಿತ್ಸೆಯ ನಂತರದ ವೃದ್ಧರಲ್ಲಿ ಇದು ಹಳೆಯ ಕಥೆ. 1881ರಲ್ಲಿ ಗುಂಡೇಟು ತಿಂದು ಹಾಸಿಗೆ ಹಿಡಿದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೂ ಇದೇ ಬಾವು ಬಂದಿತ್ತು. ಅಲರ್ಜಿ, ಖಿನ್ನತೆ, ರಕ್ತದೊತ್ತಡಗಳಿಗೆ ಕೊಡುವ ಕೆಲವು ಔಷಧಿಗಳೂ ಬಾಯಿ ಒಣಗಿಸುತ್ತವೆ. ಶೌಚಾಲಯವಿಲ್ಲದ ಲೋಕಲ್‌ನಲ್ಲಿ ಕಲ್ಯಾಣದಿಂದ ಮುಂಬೈವರೆಗೆ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಹೋಗಬೇಕೆಂದು, ವಿಶೇಷವಾಗಿ ಮಹಿಳೆಯರು, ಬೇಸಿಗೆಯಲ್ಲೂ ನೀರು ಕುಡಿಯದೆ ಹೊರಟರೆ ಅದೂ ಈ ಒಣತನವನ್ನೇ ಹೆಚ್ಚಿಸುತ್ತದೆ. ವೈದ್ಯರು ರೋಗಿಯ ದಿನಚರಿಯನ್ನೂ ಕೇಳಬೇಕಾದದ್ದು ಇದಕ್ಕಾಗಿಯೇ.

ಊಟಕ್ಕೆ ಕುಳಿತೊಡನೆ ದವಡೆಯಡಿ ಊದಿ ನೋಯುವುದು, ಸ್ವಲ್ಪ ಹೊತ್ತಿನ ಬಳಿಕ ತಾನೇ ಇಳಿಯುವುದು ನಾಳದಲ್ಲಿ ಕಲ್ಲು ಸಿಕ್ಕಿರುವ ಸೂಚನೆ. ದವಡೆಯಡಿಯ ಗ್ರಂಥಿಯ ಜೊಲ್ಲು ಮಂದವಾಗಿದ್ದು, ಅದರ ನಾಳ ಉದ್ದವಾಗಿ ಮೇಲ್ಮುಖವಾಗಿ ಸಾಗುವುದರಿಂದ ಹೆಚ್ಚಿನ ಕಲ್ಲುಗಳು ಅಲ್ಲಿಯೇ ಕಟ್ಟುತ್ತವೆ. ಕಣ್ಣು, ಬಾಯಿ ಎರಡೂ ಒಣಗುತ್ತಿದ್ದರೆ, ದೇಹದ ರಕ್ಷಣಾವ್ಯವಸ್ಥೆ ತನ್ನದೇ ಗ್ರಂಥಿಗಳ ಮೇಲೆರಗುವ ಶೋಗ್ರೆನ್ ಕಾಯಿಲೆಯನ್ನು ಶಂಕಿಸಬೇಕಾಗುತ್ತದೆ. ಮಧುಮೇಹ, ಮದ್ಯಪಾನಗಳಲ್ಲಿ ಗ್ರಂಥಿಗಳು ನೋವಿಲ್ಲದೆಯೇ ಎರಡೂ ಕಡೆ ಉಬ್ಬಬಹುದು.

ವೈರಸ್ಸಿನ ಬಾವಿಗೆ ಆ್ಯಂಟಿಬಯಾಟಿಕ್‌ನಿಂದ ಪ್ರಯೋಜನವಿಲ್ಲ; ಕಿವಿಯ ಮುಂದಿನ ಗ್ರಂಥಿಯನ್ನು ಒತ್ತಿದಾಗ ಮೇಲಿನ ದವಡೆಹಲ್ಲಿನ ಎದುರಿಗಿರುವ ನಾಳದ ಬಾಯಿಂದ ಕೀವು ಒಸರಿದರೆ ಅದು ಬೇಕೇ ಬೇಕು. ನೋವಿಲ್ಲದೆ ನಿಧಾನವಾಗಿ ಬೆಳೆಯುವ ಗಟ್ಟಿ ಗಂಟು, ಅದರಲ್ಲೂ ಮುಖದ ಒಂದು ಪಕ್ಕ ಜೋಲುವುದು ಜೊತೆಗಿದ್ದರೆ, ಲೇಪ ಹಚ್ಚಿ ಕಾಯುವ ವಿಷಯವಲ್ಲ. ಅದು ಗೆಡ್ಡೆಯಿರಬಹುದಾದ್ದರಿಂದ ಸ್ಕ್ಯಾನಿಂಗ್ ಮತ್ತು ಸೂಜಿಪರೀಕ್ಷೆ ಕೂಡಲೇ ಆಗಬೇಕು.