ನಿಮಗಿದು ಗೊತ್ತೇ? ಹಡಗು ಹತ್ತಿ ಬಂದ ತಾಮ್ರದ ದುಡ್ಡು!

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿ ಕಾಂತೇಶನ ಗುಡಿ ನಿಮಗೆ ಗೊತ್ತೇ ಇರುತ್ತದೆ. ಆದರೆ ಇದು ಗೊತ್ತೇ? 1818ರಲ್ಲಿ ಈ ಸೀಮೆ ಪೇಶ್ವೆಯರ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಆಮೇಲೆ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1956ರವರೆಗೂ ನಮಗೆ ಮುಂಬೈಯೇ ರಾಜಧಾನಿ!

ಆ ಮುಂಬೈಗೆ ತಾಮ್ರದ ದುಡ್ಡು ಎಲ್ಲಿಂದ ಬಂತು ಅಂತೀರಿ? 1791ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ! ಅಲ್ಲಿ ಅಚ್ಚಾಗಿ, ಆಫ್ರಿಕಾ ಖಂಡವನ್ನೇ ಸುತ್ತಿ, ಹಡಗಿನಲ್ಲಿ ಬಂತು. ಚಿಲ್ಲರೆ ಕಾಸಿಗೆ ಎಷ್ಟು ದೊಡ್ಡ ಪ್ರವಾಸ ನೋಡಿ!

ಅದನ್ನು ಅಚ್ಚು ಹಾಕಿದ್ದು ಮ್ಯಾಥ್ಯೂ ಬೌಲ್ಟನ್ ಕಟ್ಟಿದ ಸೋಹೋ ಟಂಕಸಾಲೆ. ಅಲ್ಲಿ ಸುತ್ತಿಗೆ ಇಲ್ಲ, ಉಗಿಯಂತ್ರವೇ ನಾಣ್ಯ ಒತ್ತುತ್ತಿತ್ತು. ಬೌಲ್ಟನ್‌ನ ಪಾಲುದಾರ ಯಾರು ಗೊತ್ತೇ? ಉಗಿಯಂತ್ರದ ಜೇಮ್ಸ್ ವ್ಯಾಟ್!

ಆ ನಾಣ್ಯದ ಒಂದು ಮುಖ ನೋಡಿ. ರಾಜನ ತಲೆ ಇಲ್ಲ, ದೇವರಿಲ್ಲ. ಇರುವುದು ಹೃದಯದ ಆಕಾರದ ಒಂದು ಗುರುತು, ಅದರೊಳಗೆ ಕಂಪನಿಯ ಹೆಸರಿನ ಮೊದಲಕ್ಷರಗಳು. ಅದು ಸರಕಿನ ಮೂಟೆಗೆ ಹಾಕುತ್ತಿದ್ದ ಮುದ್ರೆ! ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲಕ್ಕೆ ಅಂಗಡಿಯ ಗುರುತು ಹಾಕಿದ ಹಾಗೆ.

ಇನ್ನು ತಿರುಗಿಸಿ ನೋಡಿ. ಒಂದು ತಕ್ಕಡಿ! ಎರಡು ತಟ್ಟೆಗಳ ನಡುವೆ ಅರಬ್ಬಿ ಲಿಪಿಯಲ್ಲಿ ಒಂದೇ ಪದ. ಅರ್ಥ, 'ನ್ಯಾಯ'. ವ್ಯಾಪಾರಕ್ಕೆ ಬಂದ ಕಂಪನಿ ನಾಣ್ಯದ ಮೇಲೆ ನ್ಯಾಯ ಬರೆಸಿತ್ತು!

ಎಲ್ಲ ಹಡಗೂ ದಡ ಸೇರಲಿಲ್ಲ. ಮದರಾಸಿಗೆ ಹೊರಟ 'ಅಡ್ಮಿರಲ್ ಗಾರ್ಡ್ನರ್' 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿ ದಾಟುವ ಮೊದಲೇ ಮುಳುಗಿತು. ಒಡಲಲ್ಲಿದ್ದದ್ದು ಸುಮಾರು 48 ಟನ್ ತಾಮ್ರದ ಕಾಸು! 1980ರ ದಶಕದಲ್ಲಿ ಲಕ್ಷಗಟ್ಟಲೆ ನಾಣ್ಯ ಮೇಲೆ ಬಂದವು. ಎಲ್ಲದರ ಮೇಲೂ 1808ರ ಇಸವಿ!

ಟಿಪ್ಪು ಸುಲ್ತಾನ ಸುಮ್ಮನಿದ್ದನೇ? ಅವನ ತಾಮ್ರದ ನಾಣ್ಯದ ಮೇಲೆ ಆನೆ! ನಾಣ್ಯಗಳಿಗೆ ಗ್ರಹಗಳ ಹೆಸರು ಬೇರೆ: ಪೈಸೆಗೆ 'ಜೊಹ್ರಾ', ಅಂದರೆ ಶುಕ್ರ. ಅರ್ಧ ಪೈಸೆಗೆ 'ಬಹ್ರಾಮ್', ಅಂದರೆ ಮಂಗಳ. ನಮ್ಮ ಧಾರವಾಡದಲ್ಲೂ ಅವನ ಟಂಕಸಾಲೆ ಇತ್ತು!

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಂತೂ ಇನ್ನೂ ಸೊಗಸು. ಕನ್ನಡದಲ್ಲಿ 'ಮಯಿಲಿ ಕಾಸು', ಪಕ್ಕದಲ್ಲೇ ಇಂಗ್ಲಿಷಿನಲ್ಲೂ ಬೆಲೆ. ಅಂಗೈಯಗಲವೂ ಇಲ್ಲದ ತಾಮ್ರದ ತುಂಡಿನಲ್ಲಿ ಕನ್ನಡ!

ಅತಿ ಭಾರದ ತಾಮ್ರದ ನಾಣ್ಯ ಎಲ್ಲಿಯದು? ಸ್ವೀಡನ್ನಿನದು, 1644ರದು. ಅಲ್ಲಿ ಬೆಳ್ಳಿ ಕಡಿಮೆ, ತಾಮ್ರ ಹೇರಳ. ಹಾಗಾಗಿ ಬೆಲೆಗೆ ತಕ್ಕಷ್ಟು ತೂಕದ ತಾಮ್ರವನ್ನೇ ಹಲಗೆ ಮಾಡಿಬಿಟ್ಟರು. ಒಂದೇ ನಾಣ್ಯ, 19 ಕಿಲೋಗೂ ಮಿಕ್ಕಿ ತೂಕ! ಜೇಬಿನ ಮಾತು ಬಿಡಿ, ಹೊರಲು ಆಳೇ ಬೇಕು!

1835ರಲ್ಲಿ ಕಂಪನಿ ತನ್ನ ಆಳ್ವಿಕೆಯ ಎಲ್ಲ ಪ್ರಾಂತ್ಯಕ್ಕೂ ಒಂದೇ ಬಗೆಯ ನಾಣ್ಯ ತಂದಿತು. ಎರಡು ಸಿಂಹಗಳ ಲಾಂಛನವಿದ್ದ ಕಾಲಾಣೆಯ ತೂಕ ಆರೂವರೆ ಗ್ರಾಂ. ಅಂಥ 64 ಕೂಡಿದರೆ ಒಂದು ರೂಪಾಯಿ. ಅಂದರೆ ಒಂದು ರೂಪಾಯಿ ಚಿಲ್ಲರೆಗೆ ನಾನೂರು ಗ್ರಾಂ ಮೀರಿದ ತಾಮ್ರ!

ನಿಮ್ಮ ಮನೆಯ ದೇವರ ಗೂಡಿನಲ್ಲೂ ಅಂಥದ್ದೊಂದು ಕಾಸು ಇರಬಹುದು. ಸಿಕ್ಕರೆ ಹುಣಸೆಹಣ್ಣು ಹಾಕಿ ಮಾತ್ರ ತಿಕ್ಕಬೇಡಿ. ಹುಳಿ ಅಕ್ಷರವನ್ನೂ ತಿನ್ನುತ್ತದೆ, ಬೆಲೆಯನ್ನೂ ತಿನ್ನುತ್ತದೆ. ಭೂತಗನ್ನಡಿ ಹಿಡಿದು ಮೊದಲು ಇಸವಿ ಓದಿ!