ಚೀನೀ ಹೋಟೆಲು ಸರಿ, ಯಾವ ಊರಿನದು?

ದೆಹಲಿಯಲ್ಲಿ ‘ಸೌತ್ ಇಂಡಿಯನ್’ ಎಂಬ ಬೋರ್ಡು ಕಂಡು ಒಳಹೊಕ್ಕ ಕನ್ನಡಿಗನಿಗೆ ಸಾಮಾನ್ಯವಾಗಿ ಸಿಗುವುದು ಇಡ್ಲಿ, ದೋಸೆ, ವಡೆ, ಸಾಂಬಾರು. ಜೋಳದ ರೊಟ್ಟಿ–ಎಣ್ಣೆಗಾಯಿಯೂ ದಕ್ಷಿಣದ್ದೇ, ಮುದ್ದೆ–ಬಸ್ಸಾರೂ ದಕ್ಷಿಣದ್ದೇ, ಕೊಡಗಿನ ಕಡಂಬುಟ್ಟೂ ಅಷ್ಟೇ. ಆದರೆ ಆ ಬೋರ್ಡಿನ ಅರ್ಥದೊಳಗೆ ಅವಕ್ಕೆ ಜಾಗವಿಲ್ಲ. ಮೊದಲು ಹೋಗಿ ಹೋಟೆಲು ತೆರೆದವರ ತಿಂಡಿಯೇ ಇಡೀ ದಕ್ಷಿಣದ ತಿಂಡಿ ಎನ್ನಿಸಿಕೊಂಡಿತು. ‘ಚೈನೀಸ್’ ಎಂಬ ಬೋರ್ಡಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ನಮ್ಮ ಗೋಬಿ ಮಂಚೂರಿಯನ್ನಂತೂ ಇಲ್ಲಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅದರ ಮೂಲವಾದ ಕೋಳಿ ಮಂಚೂರಿಯನ್ ಹುಟ್ಟಿದ್ದು 1975ರಲ್ಲಿ ಮುಂಬಯಿಯಲ್ಲಿ, ಕಲ್ಕತ್ತೆಯ ಚೀನೀ ಮನೆತನದ ನೆಲ್ಸನ್ ವಾಂಗ್ ಎಂಬ ಬಾಣಸಿಗನ ಕೈಯಲ್ಲಿ ಎನ್ನುತ್ತಾರೆ. ಮಂಚೂರಿಯಾದವರು ಅದನ್ನು ಕಂಡವರಲ್ಲ.

ಈ ಒಂದೇ ಬೋರ್ಡು ಒಡೆದು ಹತ್ತಾರು ಬೋರ್ಡುಗಳಾಗಿರುವುದನ್ನು ನೋಡಬೇಕಾದರೆ ಅಮೆರಿಕದ ಲಾಸ್ ಏಂಜಲೀಸ್ ನಗರದ ಪೂರ್ವಕ್ಕಿರುವ ಸ್ಯಾನ್ ಗೇಬ್ರಿಯಲ್ ಕಣಿವೆಗೆ ಹೋಗಬೇಕು. ಮಾಂಟೆರೆ ಪಾರ್ಕ್, ಅಲ್ಹಾಂಬ್ರಾ, ರೋಸ್‌ಮೀಡ್, ಆರ್ಕೇಡಿಯಾ ಮೊದಲಾದ ಸಣ್ಣ ಊರುಗಳು ಒಂದಕ್ಕೊಂದು ಅಂಟಿಕೊಂಡ ಪ್ರದೇಶ ಇದು. ಇಲ್ಲಿನ ವ್ಯಾಲಿ ಬುಲೆವಾರ್ಡ್ ಎಂಬ ರಸ್ತೆಯಲ್ಲಿ ಸಾಗಿದರೆ ಚೀನೀ ಹೋಟೆಲುಗಳ ಸಾಲು ಮುಗಿಯುವುದೇ ಇಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರನ್ನು ನೋಡಲು ಹೋದವರು ಒಂದಲ್ಲ ಒಂದು ಸಂಜೆ ಇಲ್ಲಿಗೆ ಬರುವುದುಂಟು. ಬಂದು, ಯಾವ ಬಾಗಿಲು ತಳ್ಳಬೇಕೆಂದು ತಿಳಿಯದೆ ನಿಲ್ಲುವುದೂ ಉಂಟು.

ಇಷ್ಟೊಂದು ಬಗೆ ಇಲ್ಲಿಗೆ ಬಂದಿದ್ದು ಹೇಗೆ? ಅಡುಗೆಗಿಂತ ಕಾನೂನಿನಲ್ಲಿ ಇದರ ಉತ್ತರವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಚಿನ್ನದ ಗಣಿಗೂ ರೈಲುಹಾದಿಯ ಕೆಲಸಕ್ಕೂ ಅಮೆರಿಕಕ್ಕೆ ಬಂದ ಚೀನೀಯರಲ್ಲಿ ಹೆಚ್ಚಿನವರು ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತ್ಯದವರು, ಅದರಲ್ಲೂ ತೈಶಾನ್ ಸೀಮೆಯವರು. 1882ರಲ್ಲಿ ಬಂದ ಕಾಯಿದೆ ಚೀನೀ ಕೂಲಿಗಾರರ ಪ್ರವೇಶವನ್ನೇ ನಿಷೇಧಿಸಿತು. ವರ್ತಕರೇ ಮೊದಲಾದ ಕೆಲವರಿಗೆ ಮಾತ್ರ ವಿನಾಯಿತಿ. 1915ರಲ್ಲಿ ನ್ಯಾಯಾಲಯವೊಂದು ಹೋಟೆಲು ಮಾಲೀಕರನ್ನೂ ವರ್ತಕರ ಸಾಲಿಗೆ ಸೇರಿಸಿದ ಮೇಲೆ, ಊರಿಗೆ ಹೋಗಿಬರಲು, ಬಂಧುಗಳನ್ನು ಕರೆಸಿಕೊಳ್ಳಲು ಹೋಟೆಲು ಇಡುವುದೇ ದಾರಿಯಾಯಿತು. ಹೀಗಾಗಿ ಒಂದು ಸೀಮೆಯ ಜನ, ಅಮೆರಿಕನ್ನರ ನಾಲಗೆಗೆ ಒಗ್ಗಿಸಿ ಮಾಡಿದ ಚಾಪ್ ಸೂಯಿಯಂಥ ಅಡುಗೆ ದಶಕಗಟ್ಟಲೆ ‘ಚೀನೀ ಊಟ’ ಎನ್ನಿಸಿಕೊಂಡಿತು. ಆ ನಿಷೇಧ ರದ್ದಾಗಿದ್ದು 1943ರಲ್ಲಿ. ಬಾಗಿಲು ನಿಜವಾಗಿ ತೆರೆದದ್ದು 1965ರ ವಲಸೆ ಕಾಯಿದೆಯಿಂದ. ನಮ್ಮ ವೈದ್ಯರು, ಎಂಜಿನಿಯರುಗಳು ಅಮೆರಿಕ ಸೇರಿದ್ದೂ ಇದೇ ಬಾಗಿಲಿನಿಂದ.

ಅನಂತರ ಬಂದವರು ಹಾಂಗ್‌ಕಾಂಗಿನವರು, ತೈವಾನಿನವರು. ತೈವಾನಿನದು ಸ್ವಾರಸ್ಯದ ಕಥೆ. 1949ರಲ್ಲಿ ಕಮ್ಯುನಿಸ್ಟರಿಗೆ ಸೋತ ಸರ್ಕಾರದೊಡನೆ ಚೀನಾದ ಎಲ್ಲ ಪ್ರಾಂತ್ಯಗಳ ಜನ ಆ ದ್ವೀಪಕ್ಕೆ ಓಡಿಬಂದಿದ್ದರು. ಆದ್ದರಿಂದ ತೈವಾನಿನಿಂದ ಅಮೆರಿಕಕ್ಕೆ ಹೊರಟ ಅಡುಗೆಯವನ ಗಂಟಿನಲ್ಲಿ ಸಿಚುವಾನ್, ಹುನಾನ್, ಶಾಂಘೈ, ಶಾಂಡಾಂಗ್ ಎಲ್ಲವೂ ಇದ್ದವು. 1970ರ ದಶಕದಲ್ಲಿ ಫ್ರೆಡರಿಕ್ ಶೇ ಎಂಬ ಜಮೀನು ವ್ಯಾಪಾರಿ ಮಾಂಟೆರೆ ಪಾರ್ಕನ್ನು ‘ಚೀನೀಯರ ಬೆವರ್ಲಿ ಹಿಲ್ಸ್’ ಎಂದು ಪ್ರಚಾರ ಮಾಡಿ ನಿವೇಶನ ಮಾರಿದ. 1990ರ ಜನಗಣತಿಯ ಹೊತ್ತಿಗೆ ಏಷ್ಯನ್ನರೇ ಬಹುಸಂಖ್ಯಾತರಾದ ಊರು ಅದಾಗಿತ್ತು. ಅಮೆರಿಕದ ಮುಖ್ಯ ಭೂಭಾಗದಲ್ಲಿ ಅಂಥದ್ದು ಅದೇ ಮೊದಲು. ನಡುವೆ ಬೋರ್ಡಿನ ಜಗಳವೂ ಆಯಿತು. ಅಂಗಡಿಗಳ ಮೇಲೆ ಚೀನೀ ಅಕ್ಷರ ಹೆಚ್ಚಾಯಿತೆಂದು ಹಳಬರು ಗದ್ದಲವೆಬ್ಬಿಸಿದರು. 1986ರಲ್ಲಿ ನಗರಸಭೆ ಇಂಗ್ಲಿಷ್ ಪರ ನಿರ್ಣಯ ಮಾಡಿ, ಅದೇ ವರ್ಷ ಹಿಂದಕ್ಕೆ ಪಡೆಯಿತು. ಬೋರ್ಡಿನ ಭಾಷೆಯ ಗಲಾಟೆ ಬೆಂಗಳೂರಿನವರಿಗೆ ವಿವರಿಸಿ ಹೇಳಬೇಕಾದ್ದಲ್ಲ!

ಹೀಗಿರುವಾಗ ‘ಇಲ್ಲಿ ಒಳ್ಳೆಯ ಚೀನೀ ಹೋಟೆಲು ಯಾವುದು?’ ಎಂಬ ಪ್ರಶ್ನೆಗೆ ಆ ಕಣಿವೆಯಲ್ಲಿ ಅರ್ಥವಿಲ್ಲ. ಕೇಳಬೇಕಾದದ್ದು ‘ಅಡುಗೆಯವರು ಯಾವ ಕಡೆಯವರು?’ ಎಂದು. ಏಕೆಂದರೆ ನೂರಿನ್ನೂರು ಹೆಸರುಗಳ ದಪ್ಪ ಪಟ್ಟಿ ಎಲ್ಲ ಹೋಟೆಲಿನಲ್ಲೂ ಇರುತ್ತದೆ. ಯಾವ ಗಿರಾಕಿಯೂ ಬರಿಗೈಯಲ್ಲಿ ಹೋಗಬಾರದಲ್ಲ! ಅದಕ್ಕಾಗಿ ಹೋಟೆಲಿನವರನ್ನು ದೂರುವುದು ತರವಲ್ಲ, ಬಾಡಿಗೆ ಕಟ್ಟಬೇಕಾದವರು ಅವರು. ಆದರೆ ಆ ಪಟ್ಟಿಯಲ್ಲಿ ಅಡುಗೆಯವನು ತನ್ನ ತಾಯಿಯ ಮನೆಯಲ್ಲಿ ಉಂಡು ಬೆಳೆದ ಹತ್ತು ಹದಿನೈದು ಅಡುಗೆಗಳಿರುತ್ತವೆ. ಅವನ್ನು ಹುಡುಕಿಕೊಳ್ಳುವುದೇ ಆಯ್ಕೆ. ಸಿಚುವಾನಿನವನ ಹತ್ತಿರ ಹಬೆಯಲ್ಲಿ ಬೇಯಿಸಿದ ಮೀನು ಕೇಳಿ ಸಪ್ಪೆಯೆನ್ನುವುದು, ಧಾರವಾಡದ ಖಾನಾವಳಿಯಲ್ಲಿ ನೀರುದೋಸೆ ಕೇಳಿ ಮೂಗು ಮುರಿದಂತೆ.

ಗುರುತು ಹಿಡಿಯುವುದು ಕಷ್ಟವಲ್ಲ. ಗಾಜಿನ ತೊಟ್ಟಿಯಲ್ಲಿ ಜೀವಂತ ಮೀನು, ಏಡಿ ಇದ್ದು, ಕಿಟಕಿಯಲ್ಲಿ ಹುರಿದ ಬಾತುಕೋಳಿ ತೂಗಾಡುತ್ತಿದ್ದರೆ ಅದು ಗುವಾಂಗ್‌ಡಾಂಗಿನವರ, ಎಂದರೆ ಕ್ಯಾಂಟನೀಸರ ಹೋಟೆಲು. ಮಸಾಲೆ ಕಡಿಮೆ, ವಸ್ತುವಿನ ತಾಜಾತನವೇ ಮುಖ್ಯ. ಅಲ್ಲಿಗೆ ಬೆಳಗ್ಗೆಯೇ ಹೋಗಬೇಕು: ಚಹಾದ ಜೊತೆ ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ಬರುವ ಡಿಮ್ ಸಮ್ ತಿಂಡಿಗಳು ಬೆಳಗಿನವು. ಉತ್ತರದವರದು ಗೋಧಿಯ ನಾಡು. ಅವರ ಹೋಟೆಲಿನಲ್ಲಿ ಅನ್ನಕ್ಕಿಂತ ಕೈಯಲ್ಲಿ ಎಳೆದ ನೂಡಲ್ಸು, ಕಣಕದ ಕಡುಬು, ಶಿಯಾನ್ ಕಡೆಯವರಾದರೆ ಜೀರಿಗೆ ಹಾಕಿ ಹುರಿದ ಕುರಿಮಾಂಸ. ಜೀರಿಗೆಯ ಪರಿಮಳ ಬಂದರೆ ನಮಗೆ ಅರ್ಧ ಮನೆಗೆ ಬಂದಂತೆ. ಶಾಂಘೈ ಕಡೆಯವರು ಸಕ್ಕರೆ, ಸೋಯಾ ಧಾರಾಳವಾಗಿ ಬಳಸುತ್ತಾರೆ. ಮೋದಕದಂತೆ ನೆರಿಗೆ ಹಿಡಿದು ಹಬೆಯಲ್ಲಿ ಬೇಯಿಸಿದ, ಒಳಗೆ ಬಿಸಿ ಸಾರಿರುವ ಶಿಯಾವ್‌ಲಾಂಗ್‌ಬಾವ್ ಆ ಕಡೆಯದು. ಹೆಪ್ಪುಗಟ್ಟಿಸಿದ ಮಾಂಸದ ಸಾರನ್ನು ಹೂರಣದೊಡನೆ ತುಂಬುತ್ತಾರೆ, ಹಬೆಗೆ ಅದು ಕರಗುತ್ತದೆ. ಇಡಿಯಾಗಿ ಬಾಯಿಗೆ ಹಾಕಿಕೊಂಡವರ ಗತಿ ಕೇಳಬೇಡಿ. ಇದಕ್ಕೆ ಹೆಸರಾದ ತೈಪೆಯ ಡಿನ್ ತೈ ಫಂಗ್ ಹೋಟೆಲು ಅಮೆರಿಕದ ತನ್ನ ಮೊದಲ ಶಾಖೆ ತೆರೆದದ್ದು 2000ದಲ್ಲಿ, ಇದೇ ಕಣಿವೆಯ ಆರ್ಕೇಡಿಯಾದಲ್ಲಿ.

ಸಿಚುವಾನಿನ ಹೋಟೆಲನ್ನು ಚೀನೀ ಅಕ್ಷರ ಬಾರದವರೂ ಬೋರ್ಡಿನಿಂದಲೇ ಗುರುತಿಸಬಹುದು. ಆ ಪ್ರಾಂತ್ಯದ ಹೆಸರಿನ ಅಕ್ಷರ ಬಲು ಸುಲಭ: ಮೇಲಿನಿಂದ ಕೆಳಕ್ಕೆ ಹರಿಯುವ ಮೂರು ಗೆರೆ, ಅಷ್ಟೇ. ಅದರ ಅರ್ಥ ನದಿ. ನಮ್ಮ ಪೇಟೆಗಳ ‘ಶೆಜ್ವಾನ್’ ಚಟ್ನಿ ಹೆಸರು ಪಡೆದದ್ದು ಇಲ್ಲಿಂದಲೇ. ಆದರೆ ಸಾಮಾನ್ಯವಾಗಿ ಅದರಲ್ಲಿ ಮೆಣಸಿನಕಾಯಿ, ಬೆಳ್ಳುಳ್ಳಿ ಇರುತ್ತವೆ, ಸಿಚುವಾನಿನ ಜೀವಾಳವಾದ ವಸ್ತು ಇರುವುದಿಲ್ಲ. ಮೆಣಸಿನಕಾಯಿ ನಮಗೆ ಬಂದಂತೆಯೇ ಚೀನಾಕ್ಕೂ ಅಮೆರಿಕ ಖಂಡದಿಂದ ಬಂದದ್ದು. ಅದಕ್ಕೂ ಮೊದಲಿನಿಂದ ಅಲ್ಲಿದ್ದುದು ನಾಲಗೆಯನ್ನು ಜುಮ್ಮೆನ್ನಿಸುವ ಒಂದು ಪುಟ್ಟ ಕಾಯಿ. ಇಂಗ್ಲಿಷಿನಲ್ಲಿ ಸಿಚುವಾನ್ ಪೆಪ್ಪರ್ ಎಂದರೂ ಕರಿಮೆಣಸಿಗೂ ಅದಕ್ಕೂ ನಂಟಿಲ್ಲ. ಅದರ ನಂಟಸ್ತಿಕೆ ನಮ್ಮ ಕರಾವಳಿಯೊಡನೆ. ಕೊಂಕಣಿಗರು ಬಂಗುಡೆ ಸಾರಿಗೆ ಹಾಕುವ ತೆಪ್ಪಳ, ಕನ್ನಡದ ಜುಮ್ಮನಕಾಯಿ, ಅದೇ ಕುಲದ ಗಿಡದ್ದು. ಸಿಚುವಾನಿನವರು ಈ ಮರಗಟ್ಟಿಸುವ ಗುಣವನ್ನು ‘ಮಾ’ ಎಂದೂ ಖಾರವನ್ನು ‘ಲಾ’ ಎಂದೂ ಬೇರೆ ಬೇರೆ ಎಣಿಸುತ್ತಾರೆ. ಹುನಾನಿನಲ್ಲಿ ‘ಲಾ’ ಉಂಟು, ‘ಮಾ’ ಹೆಚ್ಚಿಲ್ಲ.

ವಿಚಿತ್ರವೆಂದರೆ ಈ ಕಾಯಿಯನ್ನು ಅಮೆರಿಕ 1968ರಿಂದ 2005ರವರೆಗೆ ಆಮದು ಮಾಡಲು ಬಿಡಲಿಲ್ಲ. ಕಿತ್ತಳೆ, ನಿಂಬೆಯ ಗಿಡಗಳಿಗೆ ತಗಲುವ ರೋಗಾಣು ಅದರಲ್ಲಿ ಬಂದೀತೆಂಬ ಭಯ. ನಿಯಮ ಬಹುಕಾಲ ಕಾಗದದಲ್ಲೇ ಇತ್ತೆನ್ನಿ. ಕೊನೆಗೆ ಬಿಸಿ ಮಾಡಿ ರೋಗಾಣು ಕೊಂದು ತರಬೇಕೆಂಬ ಷರತ್ತಿನ ಮೇಲೆ ಬಿಟ್ಟರು. 2013ರಲ್ಲಿ ಅಲ್ಹಾಂಬ್ರಾದಲ್ಲಿ ‘ಚೆಂಗ್ಡು ಟೇಸ್ಟ್’ ತೆರೆದಾಗ ಅದರ ಮುಂದೆ ಸರತಿ ಸಾಲು ನಿಂತಿತು. ಈ ಕಣಿವೆಯ ಹೋಟೆಲುಗಳನ್ನು ಬೀದಿ ಬೀದಿ ಅಲೆದು ಓದುಗರಿಗೆ ಪರಿಚಯಿಸಿದವರಲ್ಲಿ ಮುಖ್ಯರು ಜೊನಾಥನ್ ಗೋಲ್ಡ್. 2007ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಅವರು ಆ ಗೌರವ ಪಡೆದ ಮೊದಲ ಹೋಟೆಲು ವಿಮರ್ಶಕ. 2018ರಲ್ಲಿ ತೀರಿಕೊಂಡರು.

ಇನ್ನು ಸಸ್ಯಾಹಾರಿಗಳ ಮಾತು. ಪಟ್ಟಿಯಲ್ಲಿ ‘ತರಕಾರಿ’ ಎಂದಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಸೊಪ್ಪಿನ ಪಲ್ಯಕ್ಕೆ ಸಿಂಪಿಯ ರಸದ ಸಾಸು ಹಾಕಿರಬಹುದು, ಮಾಪೋ ತೋಫುವಿನಲ್ಲಿ ಕೊಚ್ಚಿದ ಮಾಂಸ ಇರುವುದೇ ವಾಡಿಕೆ, ಸೂಪಿನ ಅಡಿಯಲ್ಲಿ ಕೋಳಿಯ ಸಾರು. ಇಂಥವರಿಗೆ ಬೌದ್ಧ ಸಸ್ಯಾಹಾರಿ ಹೋಟೆಲುಗಳೇ ಸರಿ. ಕಣಿವೆಯಲ್ಲಿ ಅವೂ ಇವೆ. ಅಲ್ಲಿಯ ಪಟ್ಟಿಯಲ್ಲಿ ‘ಬಾತುಕೋಳಿ’, ‘ಮೀನು’ ಎಂಬ ಹೆಸರು ಕಂಡು ಎದ್ದು ಬರಬೇಕಾಗಿಲ್ಲ. ಅವು ಸೋಯಾ ಹಾಲಿನ ಕೆನೆಯಿಂದಲೋ ಗೋಧಿಯ ಅಂಟಿನಿಂದಲೋ ಮಾಡಿದವು. ಕಟ್ಟುನಿಟ್ಟಿನವರ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲವಾದ್ದರಿಂದ ನಮ್ಮ ಮಡಿವಂತ ಅಜ್ಜಿಯರೂ ಒಪ್ಪಿಯಾರು. ಆದರೆ ಅಜ್ಜಿ ತಿರುಗಿ ಆ ಭಿಕ್ಷುಗಳನ್ನು ಊಟಕ್ಕೆ ಕರೆದರೆ ತೊಡಕುಂಟು. ಚೀನೀ ಬೌದ್ಧರು ವರ್ಜಿಸುವ ಐದು ಘಾಟಿನ ವಸ್ತುಗಳ ಶಾಸ್ತ್ರೀಯ ಪಟ್ಟಿಯಲ್ಲಿ ಇಂಗೂ ಒಂದು. ನಮ್ಮ ತಿಳಿಸಾರನ್ನು ಅವರು ಮುಟ್ಟುವಂತಿಲ್ಲ.